ಕೋಶಗಳ ನಡುವಿನ ಹಂದರ: ಗರ್ಭದಲ್ಲಿ ದೇಹ ರೂಪುಗೊಳ್ಳುವ ಬಗೆ

ಕೋಳಿಯನ್ನು ಕಾವಿಗೆ ಕೂರಿಸಿದರೆ 21ನೆಯ ದಿನದ ಹೊತ್ತಿಗೆ ಮರಿ ಚಿಪ್ಪೊಡೆದು ಹೊರಬರುತ್ತದೆ. ಕೋಳಿ ಸಾಕುವ ಯಾವ ಮನೆಯವರಿಗೂ ಇದು ಹೊಸ ಸಂಗತಿಯಲ್ಲ. ಆದರೆ ಆ ಮೂರು ವಾರ ಮೊಟ್ಟೆಯ ಒಳಗೆ ನಡೆಯುವುದೇನು ಎಂಬುದು ಮಾತ್ರ ಕಣ್ಣಿಗೆ ಕಾಣುವುದಿಲ್ಲ. ಕಾವು ಸಿಕ್ಕಿ ಎರಡು ದಿನ ತುಂಬುವ ಮೊದಲೇ ಹಳದಿಯ ಮೇಲೆ ಸಾಸಿವೆ ಗಾತ್ರಕ್ಕಿಂತಲೂ ಚಿಕ್ಕದಾದ ಹೃದಯವೊಂದು ಮಿಡಿಯಲು ಶುರುಮಾಡುತ್ತದೆ. ಬಳಿಕ ಕಣ್ಣು, ರೆಕ್ಕೆ, ಕಾಲು, ಕೊಕ್ಕು ಒಂದೊಂದಾಗಿ ಮೂಡುತ್ತವೆ. ಒಳಗೆ ಕುಳಿತು ನೂಲು ಹಿಡಿದು ಅಳತೆ ನೋಡುವ ಮೇಸ್ತ್ರಿ ಯಾರೂ ಇಲ್ಲ. ಹಾಗಿದ್ದರೂ ಕಣ್ಣು ಕಣ್ಣಿನ ಜಾಗದಲ್ಲೇ ಬರುತ್ತದೆ, ಕಾಲು ಕಾಲಿನ ಜಾಗದಲ್ಲೇ ಬರುತ್ತದೆ.

ತಾಯಿಯ ಗರ್ಭದಲ್ಲಿ ಮಗು ಬೆಳೆಯುವುದೂ ಹೆಚ್ಚುಕಡಿಮೆ ಇದೇ ರೀತಿ. ಎಲ್ಲವೂ ಶುರುವಾಗುವುದು ಒಂದೇ ಒಂದು ಜೀವಕೋಶದಿಂದ. ಅದು ಎರಡಾಗಿ, ನಾಲ್ಕಾಗಿ, ಎಂಟಾಗಿ ಒಡೆಯುತ್ತಾ ಹೋಗುತ್ತದೆ. ಗರ್ಭ ಕಟ್ಟಿದ ಸುಮಾರು 22ನೆಯ ದಿನಕ್ಕೆ ಹೃದಯದ ಮಿಡಿತ ಆರಂಭವಾಗುತ್ತದೆ. ಮನುಷ್ಯ ಬೆಳೆದು ದೊಡ್ಡವನಾಗುವ ಹೊತ್ತಿಗೆ ಅವನ ದೇಹದಲ್ಲಿ 30 ಲಕ್ಷ ಕೋಟಿಗೂ ಹೆಚ್ಚು ಕೋಶಗಳಿರುತ್ತವೆ. ಈ ಕೋಶಗಳಲ್ಲಿ ಬಹುತೇಕ ಎಲ್ಲದರೊಳಗೂ ಇರುವ ವಂಶವಾಹಿಗಳು, ಅಂದರೆ ಜೀನ್‌ಗಳು, ಒಂದೇ. ಹಾಗಿದ್ದ ಮೇಲೆ ಒಂದು ಕೋಶ ಎಲುಬಿನದಾಗಿಯೂ ಇನ್ನೊಂದು ನರದ್ದಾಗಿಯೂ ಮತ್ತೊಂದು ಚರ್ಮದ್ದಾಗಿಯೂ ಮಾರ್ಪಡುವುದು ಹೇಗೆ? ತಾನು ಎಲ್ಲಿಗೆ ಹೋಗಿ ನಿಲ್ಲಬೇಕೆಂದು ಅದಕ್ಕೆ ಗೊತ್ತಾಗುವುದಾದರೂ ಹೇಗೆ?

ಈ ಪ್ರಶ್ನೆಗೆ ಉತ್ತರದ ಒಂದು ಭಾಗ ಕೋಶದ ಒಳಗಿದೆ. ಇನ್ನೊಂದು ಮುಖ್ಯ ಭಾಗ ಕೋಶದ ಹೊರಗಿದೆ. ಬಹಳ ಕಾಲದವರೆಗೆ ವಿಜ್ಞಾನಿಗಳು ಈ ಹೊರಗಿನ ಭಾಗವನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಹಂದರವೆಂದರೆ ಏನು?

ಹಾಗಲ, ಅವರೆ, ವೀಳ್ಯದೆಲೆಯ ಬಳ್ಳಿಗಳಿಗೆ ಹಂದರ ಹಾಕುವುದನ್ನು ಎಲ್ಲರೂ ನೋಡಿದ್ದಾರೆ. ತಮಿಳರೂ ಮಲೆಯಾಳಿಗರೂ ಪಂದಲ್ ಎನ್ನುವುದು, ತೆಲುಗರು ಪಂದಿರಿ ಎನ್ನುವುದು, ಮರಾಠಿಗರು ಮಾಂಡವ ಎನ್ನುವುದು ಇಂಥದ್ದನ್ನೇ. ಬಳ್ಳಿಗೆ ಬೆಳೆಯುವ ಶಕ್ತಿ ಬೀಜದಿಂದ ಬರುತ್ತದೆ ನಿಜ. ಆದರೆ ಅದು ಯಾವ ಕಡೆ ಹಬ್ಬಬೇಕು, ಎಲ್ಲಿ ಹಿಡಿದುಕೊಳ್ಳಬೇಕು ಎಂಬುದನ್ನು ಹಂದರ ನಿರ್ಧರಿಸುತ್ತದೆ. ಹಂದರ ಮುರಿದರೆ ಬೀಜ ಎಷ್ಟೇ ಒಳ್ಳೆಯದಾಗಿರಲಿ, ಬಳ್ಳಿ ನೆಲಕ್ಕೆ ಬಿದ್ದು ಮುದ್ದೆಯಾಗುತ್ತದೆ.

ದೇಹದಲ್ಲಿಯೂ ಕೋಶಗಳ ನಡುವೆ ಇಂಥದೊಂದು ಹಂದರವಿದೆ. ವಿಜ್ಞಾನಿಗಳು ಇದನ್ನು ಎಕ್ಸ್‌ಟ್ರಾಸೆಲ್ಯುಲರ್ ಮ್ಯಾಟ್ರಿಕ್ಸ್ ಎನ್ನುತ್ತಾರೆ. ಕನ್ನಡದಲ್ಲಿ ಕೋಶಬಾಹ್ಯ ಹಂದರ ಎಂದು ಕರೆಯಬಹುದು. ಇದು ಹೊರಗಿನಿಂದ ಬಂದ ವಸ್ತುವಲ್ಲ. ಕೋಶಗಳೇ ತಮ್ಮೊಳಗೆ ಪ್ರೋಟೀನುಗಳನ್ನು ತಯಾರಿಸಿ, ಹೊರಕ್ಕೆ ಹಾಕಿ, ನೇಯ್ದುಕೊಂಡ ಬಲೆ ಇದು. ಜೇಡ ತನ್ನ ಹೊಟ್ಟೆಯ ನೂಲಿನಿಂದಲೇ ಬಲೆ ಕಟ್ಟಿ ಅದರ ಮೇಲೆ ಓಡಾಡುವಂತೆ, ಕೋಶಗಳು ತಾವೇ ಕಟ್ಟಿದ ಹಂದರದ ಮೇಲೆ ನಿಲ್ಲುತ್ತವೆ, ನಡೆಯುತ್ತವೆ, ರೂಪ ಪಡೆಯುತ್ತವೆ. ಬಲೆಯ ಎಳೆಗಳ ನಡುವಿನ ಜಾಗವನ್ನು ನೀರು ಹಿಡಿದಿಡುವ ಲೋಳೆಯಂಥ ವಸ್ತುಗಳು ತುಂಬಿರುತ್ತವೆ.

ಮೂರು ಮುಖ್ಯ ಪ್ರೋಟೀನುಗಳು

ಈ ಹಂದರದಲ್ಲಿ ನೂರಾರು ಬಗೆಯ ಪ್ರೋಟೀನುಗಳಿವೆ. ಅವುಗಳಲ್ಲಿ ಮೂರನ್ನು ತಿಳಿದುಕೊಂಡರೆ ಉಳಿದ ಕತೆ ಸುಲಭವಾಗುತ್ತದೆ.

ಮೊದಲನೆಯದು ಕೊಲಾಜೆನ್. ಇದು ಹಗ್ಗ. ನಮ್ಮ ದೇಹದ ಒಟ್ಟು ಪ್ರೋಟೀನಿನಲ್ಲಿ ಕಾಲು ಭಾಗಕ್ಕೂ ಹೆಚ್ಚು ಕೊಲಾಜೆನ್ನೇ ಇದೆ. ಎಲುಬು, ಚರ್ಮ, ಸ್ನಾಯುವನ್ನು ಎಲುಬಿಗೆ ಕಟ್ಟುವ ರಜ್ಜು, ರಕ್ತನಾಳದ ಗೋಡೆ ಇವೆಲ್ಲದರ ಬಲ ಇದರಿಂದಲೇ. ಚಪ್ಪಲಿಗೆ ಬಳಸುವ ಹದ ಮಾಡಿದ ತೊಗಲು ಕೂಡ ಬಹುಪಾಲು ಕೊಲಾಜೆನ್ನೇ. ಇದರಲ್ಲಿ 28 ಬಗೆಗಳನ್ನು ಈವರೆಗೆ ಗುರುತಿಸಲಾಗಿದೆ.

ಎರಡನೆಯದು ಲ್ಯಾಮಿನಿನ್. ಇದು ಚಾಪೆ. ಚರ್ಮ, ಕರುಳು, ಮೂತ್ರಪಿಂಡ ಮೊದಲಾದ ಕಡೆ ಸಾಲಾಗಿ ನಿಲ್ಲುವ ಕೋಶಗಳ ಕೆಳಗೆ ತೆಳುವಾದ ತಳಪೊರೆಯೊಂದು ಹಾಸಿರುತ್ತದೆ. ಅದನ್ನು ನೇಯುವುದರಲ್ಲಿ ಲ್ಯಾಮಿನಿನ್‌ನದೇ ಮುಂದಾಳತ್ವ. ಜರ್ಮನಿಯ ರುಪರ್ಟ್ ಟಿಂಪಲ್ ಮತ್ತು ಸಂಗಡಿಗರು 1979ರಲ್ಲಿ ಇದನ್ನು ಗುರುತಿಸಿದರು. ಭ್ರೂಣದಲ್ಲಿ ತೀರ ಬೇಗ ಕಾಣಿಸಿಕೊಳ್ಳುವ ಹಂದರದ ಪ್ರೋಟೀನುಗಳಲ್ಲಿ ಇದೂ ಒಂದು.

ಮೂರನೆಯದು ಫೈಬ್ರೊನೆಕ್ಟಿನ್. ಇದು ದಾರಿ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರಟ ಕೋಶಗಳಿಗೆ ಕಾಲೂರಲು ಇದು ಜಾಗ ಕೊಡುತ್ತದೆ.

ಇವುಗಳ ಜೊತೆಗೆ ಇಂಟೆಗ್ರಿನ್ ಎಂಬ ಇನ್ನೊಂದು ಪ್ರೋಟೀನನ್ನೂ ಹೇಳಬೇಕು. ಅದು ಹಂದರದ ಭಾಗವಲ್ಲ, ಕೋಶದ ಕೈ. ಕೋಶದ ಪೊರೆಯಲ್ಲಿ ನಾಟಿಕೊಂಡು, ಒಂದು ತುದಿಯಿಂದ ಹೊರಗಿನ ಹಂದರವನ್ನೂ ಇನ್ನೊಂದು ತುದಿಯಿಂದ ಒಳಗಿನ ಎಳೆಗಳನ್ನೂ ಅದು ಹಿಡಿದುಕೊಂಡಿರುತ್ತದೆ. ಹೊರಗೆ ಎಳೆತ ಬಿದ್ದರೆ ಸುದ್ದಿ ಒಳಕ್ಕೆ ಮುಟ್ಟುತ್ತದೆ, ಜೀನ್‌ಗಳ ಕೆಲಸವೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ. 1986ರಲ್ಲಿ ಈ ಹೆಸರಿಟ್ಟವರು ಅಮೆರಿಕದ ರಿಚರ್ಡ್ ಹೈನ್ಸ್ ಮತ್ತು ಅವರ ತಂಡದವರು. ಇಂಟೆಗ್ರಿನ್ ಕುರಿತ ಸಂಶೋಧನೆಗಾಗಿ ಹೈನ್ಸ್, ಎರ್ಕಿ ರುಓಸ್ಲಾಟಿ ಮತ್ತು ತಿಮೊಥಿ ಸ್ಪ್ರಿಂಗರ್ ಅವರಿಗೆ 2022ರಲ್ಲಿ ಲಾಸ್ಕರ್ ಪ್ರಶಸ್ತಿ ಸಿಕ್ಕಿತು.

ದಾರಿ ಇಲ್ಲದಿದ್ದರೆ ಪಯಣವಿಲ್ಲ

ಭ್ರೂಣದ ಬೆಳವಣಿಗೆ ಎಂದರೆ ಕೋಶಗಳ ಸಂಖ್ಯೆ ಹೆಚ್ಚುವುದಷ್ಟೇ ಅಲ್ಲ. ಅವು ಜಾಗ ಬದಲಾಯಿಸುತ್ತವೆ, ಗುಂಪು ಗುಂಪಾಗಿ ಗುಳೆ ಹೋಗುತ್ತವೆ. ಮನುಷ್ಯರ ಭ್ರೂಣದಲ್ಲಿ ಮೂರನೆಯ ವಾರದಲ್ಲಿ ಹೊರಗಿದ್ದ ಕೋಶಗಳು ಒಳಕ್ಕೆ ನುಗ್ಗಿ ಮೂರು ಪದರಗಳಾಗುತ್ತವೆ. ಮೇಲಿನ ಪದರದಿಂದ ಚರ್ಮ ಮತ್ತು ಮಿದುಳು, ನಡುವಿನದರಿಂದ ಎಲುಬು, ಸ್ನಾಯು, ರಕ್ತ, ಒಳಗಿನದರಿಂದ ಕರುಳು ಮತ್ತು ಶ್ವಾಸಕೋಶದ ಒಳಪದರ ಬರುತ್ತವೆ.

ಆಮೇಲೆ ಇನ್ನೊಂದು ದೊಡ್ಡ ಪಯಣ. ಮುಂದೆ ಬೆನ್ನುಹುರಿಯಾಗುವ ಕೊಳವೆಯ ಮೇಲಂಚಿನಿಂದ ಕೆಲವು ಕೋಶಗಳು ಕಳಚಿಕೊಂಡು ದೂರ ದೂರಕ್ಕೆ ಹೊರಡುತ್ತವೆ. ಕೆಲವು ಮುಖಕ್ಕೆ ಹೋಗಿ ದವಡೆಯ ಎಲುಬಾಗುತ್ತವೆ, ಕೆಲವು ಕರುಳಿಗೆ ಇಳಿದು ಅದರ ನರಗಳಾಗುತ್ತವೆ, ಇನ್ನು ಕೆಲವು ಚರ್ಮಕ್ಕೆ ಹೋಗಿ ಬಣ್ಣ ಕೊಡುವ ಕೋಶಗಳಾಗುತ್ತವೆ. ಇವು ಸಾಗುವ ದಾರಿಯಲ್ಲಿ ಫೈಬ್ರೊನೆಕ್ಟಿನ್ ಮತ್ತು ಲ್ಯಾಮಿನಿನ್ ಹಾಸಿರುತ್ತವೆ. ಹೋಗಬಾರದ ಕಡೆ ಹಂದರದ ಬೇರೆ ಕೆಲವು ವಸ್ತುಗಳು ಬೇಲಿಯಂತೆ ಅಡ್ಡ ನಿಲ್ಲುತ್ತವೆ.

ಇದು ಊಹೆಯಲ್ಲ ಎಂಬುದನ್ನು ಪ್ರಯೋಗಗಳು ತೋರಿಸಿವೆ. ಫೈಬ್ರೊನೆಕ್ಟಿನ್ ಎಂಬ ಉದ್ದನೆಯ ಅಣುವಿನಲ್ಲಿ ಕೋಶ ಕೈಯಿಟ್ಟು ಹಿಡಿಯುವ ಜಾಗ ಬರೇ ಮೂರು ಅಮೈನೋ ಆಮ್ಲಗಳಷ್ಟು ಚಿಕ್ಕದೆಂದು 1984ರಲ್ಲಿ ರುಓಸ್ಲಾಟಿ ಮತ್ತು ಮೈಕೆಲ್ ಪಿಯರ್ಷ್‌ಬಾಕರ್ ತೋರಿಸಿದರು. ಅದೇ ವರ್ಷ ಫ್ರಾನ್ಸಿನ ಬುಕೊ ಮತ್ತು ಸಂಗಡಿಗರು ಆ ಜಾಗವಿರುವ ತುಣುಕನ್ನು ಪ್ರಯೋಗಾಲಯದಲ್ಲಿ ತಯಾರಿಸಿ ನೀರಿನ ಹಲ್ಲಿಯಂಥ ಪ್ರಾಣಿಯ ಭ್ರೂಣದೊಳಗೆ ಸೇರಿಸಿದರು. ಕೋಶಗಳ ಕೈಗಳೆಲ್ಲ ಈ ಸುಳ್ಳು ಹಿಡಿಗಳನ್ನು ಹಿಡಿದುಕೊಂಡು ನಿಂತವು, ನಿಜವಾದ ದಾರಿ ಅವುಗಳಿಗೆ ಸಿಗಲಿಲ್ಲ. ಕೋಶಗಳು ಒಳಕ್ಕೆ ಸಾಗುವ ಕೆಲಸವೇ ನಿಂತುಹೋಯಿತು. ಹಕ್ಕಿಯ ಭ್ರೂಣದಲ್ಲಿ ಮಾಡಿದಾಗ ಬೆನ್ನಿನಿಂದ ಹೊರಟ ಕೋಶಗಳ ಪಯಣಕ್ಕೂ ತಡೆ ಬಿತ್ತು.

1993ರಲ್ಲಿ ಹೈನ್ಸ್ ಅವರ ತಂಡ ಫೈಬ್ರೊನೆಕ್ಟಿನ್ ತಯಾರಿಸಲಾಗದ ಇಲಿಗಳನ್ನು ಬೆಳೆಸಿ ನೋಡಿತು. ಇಲಿಯ ಗರ್ಭಾವಧಿ ಸುಮಾರು 20 ದಿನ. ಈ ಭ್ರೂಣಗಳು ಅದರ ಅರ್ಧ ದೂರವನ್ನೂ ಸರಿಯಾಗಿ ದಾಟಲಿಲ್ಲ. ಬೆನ್ನಿನ ಸಾಲಿನಲ್ಲಿ ಮೂಡಬೇಕಿದ್ದ ಗಂಟುಗಳು ಮೂಡಲಿಲ್ಲ, ಹೃದಯವೂ ರಕ್ತನಾಳಗಳೂ ವಿಕಾರವಾಗಿದ್ದವು. ಇತರ ಸಂಶೋಧಕರು ಲ್ಯಾಮಿನಿನ್‌ನ ಒಂದು ಮುಖ್ಯ ಎಳೆಯನ್ನು ತೆಗೆದು ನೋಡಿದಾಗ ಭ್ರೂಣ ಒಂದು ವಾರವೂ ಬದುಕಲಿಲ್ಲ. ಮೊದಲ ಬಗೆಯ ಕೊಲಾಜೆನ್ ಇಲ್ಲದ ಇಲಿ ಭ್ರೂಣಗಳು ಗರ್ಭಾವಧಿಯ ನಡುವಿನವರೆಗೆ ಬೆಳೆದು, ರಕ್ತನಾಳ ಒಡೆದು ಸತ್ತವು. ಬೀಜ ಸರಿಯಿದ್ದರೂ ಹಂದರವಿಲ್ಲದೆ ಬಳ್ಳಿ ಏಳಲಿಲ್ಲ.

ಕವಲೊಡೆಯುವ ಕಲೆ

ಜೊಲ್ಲು ಗ್ರಂಥಿ, ಶ್ವಾಸಕೋಶ, ಮೂತ್ರಪಿಂಡ ಮೊದಲಾದವು ಮರದಂತೆ ಕವಲೊಡೆದು ಬೆಳೆಯುತ್ತವೆ. 1950ರ ದಶಕದಲ್ಲಿ ಅಮೆರಿಕದ ಕ್ಲಿಫರ್ಡ್ ಗ್ರೋಬ್‌ಸ್ಟೈನ್ ಇಲಿ ಭ್ರೂಣದ ಜೊಲ್ಲು ಗ್ರಂಥಿಯ ಮೊಗ್ಗನ್ನು ಅದರ ಸುತ್ತಲಿನ ಅಂಗಾಂಶದಿಂದ ಬಿಡಿಸಿ ಬೆಳೆಸಿದರು. ಒಂಟಿಯಾದ ಮೊಗ್ಗು ಕವಲೊಡೆಯಲಿಲ್ಲ. ಸುತ್ತಲಿನ ಅಂಗಾಂಶವನ್ನು ಮತ್ತೆ ಜೊತೆಗಿಟ್ಟಾಗ ಕವಲುಗಳು ಮೂಡಿದವು. ನೆರೆಹೊರೆ ಇಲ್ಲದೆ ಅಂಗ ತನ್ನ ರೂಪ ಪಡೆಯುವುದಿಲ್ಲ ಎಂಬುದು ಆಗ ಖಚಿತವಾಯಿತು.

ಕವಲೊಡೆಯುವ ಜಾಗದಲ್ಲಿ ನಡೆಯುವುದೇನು ಎಂಬುದು ಗೊತ್ತಾದದ್ದು 2003ರಲ್ಲಿ. ಕೆನೆತ್ ಯಮಾಡ ಅವರ ತಂಡ ನೋಡಿದಾಗ, ಮೊಗ್ಗಿನಲ್ಲಿ ಸೀಳು ಬೀಳುವ ಕಡೆಯಲ್ಲೆಲ್ಲ ಫೈಬ್ರೊನೆಕ್ಟಿನ್ ಬೆಣೆಯಂತೆ ಸೇರಿಕೊಂಡಿತ್ತು. ಅದನ್ನು ತಡೆದರೆ ಕವಲು ಕಡಿಮೆಯಾಯಿತು, ಹೆಚ್ಚು ಕೊಟ್ಟರೆ ಕವಲೂ ಹೆಚ್ಚಿತು. ಸೌದೆ ಸೀಳುವಾಗ ಬೆಣೆ ಇಟ್ಟ ಕಡೆ ಮರ ಬಿರಿಯುತ್ತದಲ್ಲ, ಇಲ್ಲಿಯೂ ಹಾಗೆಯೇ.

ಮೆದು ನೆಲ, ಗಟ್ಟಿ ನೆಲ

ಹಂದರ ದಾರಿ ತೋರಿಸುವುದಷ್ಟೇ ಅಲ್ಲ, ಕೋಶ ಏನಾಗಬೇಕೆಂಬುದನ್ನೂ ಸೂಚಿಸುತ್ತದೆ. 2006ರಲ್ಲಿ ಅಮೆರಿಕದ ಆಡಮ್ ಎಂಗ್ಲರ್, ಡೆನ್ನಿಸ್ ಡಿಷರ್ ಮತ್ತು ಸಂಗಡಿಗರು ಮನುಷ್ಯರ ಎಲುಬಿನ ಮಜ್ಜೆಯಿಂದ ತೆಗೆದ ಆಕರ ಕೋಶಗಳನ್ನು, ಅಂದರೆ ಸ್ಟೆಮ್ ಸೆಲ್‌ಗಳನ್ನು, ಬೇರೆ ಬೇರೆ ಗಡಸುತನದ ಹಾಸಿನ ಮೇಲೆ ಬೆಳೆಸಿದರು. ಮಿದುಳಿನಷ್ಟು ಮೆತ್ತಗಿನ ಹಾಸಿನ ಮೇಲಿದ್ದವು ನರಕೋಶದ ಲಕ್ಷಣ ತೋರಿದವು. ಸ್ನಾಯುವಿನಷ್ಟು ಬಿಗಿಯಾದ ಹಾಸಿನ ಮೇಲಿದ್ದವು ಸ್ನಾಯುವಿನ ಕಡೆ ವಾಲಿದವು. ಅದಕ್ಕಿಂತ ಗಟ್ಟಿಯಾದ ಹಾಸಿನ ಮೇಲಿದ್ದವು ಎಲುಬಿನ ಕೋಶಗಳ ಹಾದಿ ಹಿಡಿದವು. ಕೊಟ್ಟ ಆಹಾರ ಒಂದೇ, ಕೋಶಗಳೂ ಒಂದೇ. ಬದಲಾದದ್ದು ನೆಲ ಮಾತ್ರ. ಕೆಂಪು ಮಣ್ಣಿಗೂ ಎರೆ ಮಣ್ಣಿಗೂ ಬೆಳೆ ಬೇರೆಯಾಗುವುದನ್ನು ಬಲ್ಲ ರೈತರಿಗೆ ಇದು ಅಷ್ಟೇನೂ ವಿಚಿತ್ರವಾಗಿ ಕಾಣದು.

ಮದ್ರಾಸಿನಲ್ಲಿ ಬಿಡಿಸಿದ ಮೂರೆಳೆಯ ಹಗ್ಗ

ಈ ಕತೆಯ ಒಂದು ದೊಡ್ಡ ಅಧ್ಯಾಯ ನಡೆದದ್ದು ನಮ್ಮ ಪಕ್ಕದಲ್ಲೇ. ಕೊಲಾಜೆನ್ ಅಣುವಿನ ರಚನೆ ಹೇಗಿದೆ ಎಂಬುದು 1950ರ ದಶಕದ ಆರಂಭದಲ್ಲಿ ಜಗತ್ತಿನ ದೊಡ್ಡ ಪ್ರಯೋಗಾಲಯಗಳನ್ನೆಲ್ಲ ಕಾಡುತ್ತಿದ್ದ ಪ್ರಶ್ನೆ. ಅದನ್ನು ಬಿಡಿಸಿದವರು ಮದ್ರಾಸು ವಿಶ್ವವಿದ್ಯಾಲಯದ ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತ. ಎರ್ನಾಕುಳಂನಲ್ಲಿ 1922ರಲ್ಲಿ ಹುಟ್ಟಿದ ರಾಮಚಂದ್ರನ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಶಿಷ್ಯರಾಗಿದ್ದವರು. ಮುಂದೆ 1970ರ ದಶಕದಲ್ಲಿ ಅದೇ ಸಂಸ್ಥೆಗೆ ಮರಳಿ ಅಣು ಜೀವಭೌತ ವಿಭಾಗವನ್ನು ಕಟ್ಟಿದರು. 2001ರಲ್ಲಿ ತೀರಿಕೊಂಡರು.

ಕಾಂಗರೂವಿನ ಬಾಲದ ರಜ್ಜುವಿನಿಂದ ತೆಗೆದ ಕೊಲಾಜೆನ್ ಮೇಲೆ ಎಕ್ಸ್‌ರೇ ಹಾಯಿಸಿ ಪಡೆದ ಚಿತ್ರಗಳನ್ನು ಅವರು ಅಭ್ಯಾಸ ಮಾಡಿದರು. 1954ರಲ್ಲಿ ಮೊದಲ ಮಾದರಿಯನ್ನೂ 1955ರಲ್ಲಿ ತಿದ್ದಿದ ಮಾದರಿಯನ್ನೂ ಪ್ರಕಟಿಸಿದರು. ಅವರು ಕಂಡದ್ದು ಮೂರೆಳೆಯ ಹಗ್ಗ. ಹಗ್ಗ ಹೊಸೆಯುವವರಿಗೆ ಇದರ ಗುಟ್ಟು ಗೊತ್ತು: ಪ್ರತಿ ಎಳೆಯನ್ನು ಒಂದು ದಿಕ್ಕಿಗೆ ಹುರಿ ಮಾಡಿ, ಎಳೆಗಳನ್ನು ಒಟ್ಟುಗೂಡಿಸುವಾಗ ಎದುರು ದಿಕ್ಕಿಗೆ ತಿರುಚಿದರೆ ಹಗ್ಗ ಬಿಚ್ಚಿಕೊಳ್ಳುವುದಿಲ್ಲ. ಕೊಲಾಜೆನ್‌ನಲ್ಲಿಯೂ ಪ್ರತಿ ಎಳೆ ಎಡಕ್ಕೆ ತಿರುಚಿಕೊಂಡಿದೆ, ಮೂರೂ ಸೇರಿ ಬಲಕ್ಕೆ ಸುತ್ತಿಕೊಂಡಿವೆ.

ಇಷ್ಟು ಬಿಗಿಯಾಗಿ ಸುತ್ತಿಕೊಳ್ಳಬೇಕಾದರೆ ಎಳೆಗಳ ನಡುವೆ ಜಾಗವೇ ಇರುವುದಿಲ್ಲ. ಆದ್ದರಿಂದ ಪ್ರತಿ ಎಳೆಯಲ್ಲಿ ಪ್ರತಿ ಮೂರನೆಯ ಮಣಿ ಗ್ಲೈಸಿನ್ ಆಗಿರಬೇಕು. ಅಮೈನೋ ಆಮ್ಲಗಳಲ್ಲೆಲ್ಲ ಅದೇ ಅತಿ ಚಿಕ್ಕದು. ಒಂದೊಂದು ಎಳೆಯಲ್ಲಿ ಸಾವಿರಕ್ಕೂ ಹೆಚ್ಚು ಮಣಿಗಳಿರುತ್ತವೆ. ಈ ಹಗ್ಗ ಮೈಯ ಬಿಸಿಗೆ ಬಿಚ್ಚಿಕೊಳ್ಳದೆ ಉಳಿಯಲು ಪ್ರೋಲಿನ್ ಎಂಬ ಮಣಿಗೆ ಸಣ್ಣದೊಂದು ತಿದ್ದುಪಡಿ ಆಗಬೇಕು. ಅದಕ್ಕೆ ಸಿ ಜೀವಸತ್ವ ಬೇಕು. ಸಿ ಜೀವಸತ್ವ ತಿಂಗಳುಗಟ್ಟಲೆ ಸಿಗದವರಲ್ಲಿ ಒಸಡಿನಿಂದ ರಕ್ತ ಬರುವುದು, ಹಳೆಯ ಗಾಯ ಬಿಚ್ಚಿಕೊಳ್ಳುವುದು ಇದೇ ಕಾರಣಕ್ಕೆ. ಬಸುರಿಯರು ನೆಲ್ಲಿಕಾಯಿ, ಸೀಬೆ, ನಿಂಬೆ, ಹಸಿರು ಸೊಪ್ಪುಗಳನ್ನು ಊಟದಲ್ಲಿ ಸೇರಿಸಿಕೊಳ್ಳಬೇಕೆನ್ನುವುದಕ್ಕೆ ಇದೂ ಒಂದು ಕಾರಣ.

ಒಂದು ಮಣಿ ತಪ್ಪಿದರೆ

ರಾಮಚಂದ್ರನ್ ಹೇಳಿದ ಆ ಮೂರನೆಯ ಮಣಿಯ ನಿಯಮ ಪುಸ್ತಕದ ವಿಷಯವಾಗಿ ಉಳಿಯಲಿಲ್ಲ. ಸಣ್ಣಪುಟ್ಟ ಪೆಟ್ಟಿಗೇ ಎಲುಬು ಮುರಿದುಕೊಳ್ಳುವ ಮಕ್ಕಳನ್ನು ಕೆಲವರು ಕಂಡಿರಬಹುದು. ಎತ್ತಿಕೊಳ್ಳುವಾಗ ಕೈ ಮುರಿಯುತ್ತದೆ, ನಡೆಯಲು ಕಲಿಯುವಾಗ ಕಾಲು ಮುರಿಯುತ್ತದೆ. ಹಲವರಲ್ಲಿ ಕಣ್ಣಿನ ಬಿಳಿ ಭಾಗ ನೀಲಿ ಛಾಯೆಯಾಗಿರುತ್ತದೆ. ಕೆಲವರಲ್ಲಿ ಹಲ್ಲು ಬೇಗ ಸವೆಯುತ್ತದೆ, ದೊಡ್ಡವರಾದ ಮೇಲೆ ಕಿವಿ ಮಂದವಾಗುತ್ತದೆ. ಈ ಕಾಯಿಲೆಯ ಹೆಸರು ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟ. ಸುಮಾರು 15 ರಿಂದ 20 ಸಾವಿರ ಜನನಗಳಲ್ಲಿ ಒಂದು ಮಗುವಿಗೆ ಇದು ಬರುತ್ತದೆ. ತೀವ್ರ ಬಗೆಗಳಲ್ಲಿ ಬಹುಪಾಲು ಕಾರಣ, ಮೊದಲ ಬಗೆಯ ಕೊಲಾಜೆನ್‌ನ ಎಳೆಯಲ್ಲಿ ಒಂದು ಗ್ಲೈಸಿನ್ ಇರಬೇಕಾದ ಕಡೆ ಬೇರೆ ದಪ್ಪ ಮಣಿ ಬಂದು ಕೂತಿರುವುದು. ಸಾವಿರದಲ್ಲಿ ಒಂದು ಮಣಿ ತಪ್ಪಿದರೂ ಹಗ್ಗ ಸರಿಯಾಗಿ ಹೊಸೆಯುವುದಿಲ್ಲ.

ಹಂದರದ ಬೇರೆ ಪ್ರೋಟೀನುಗಳು ಕೆಟ್ಟಾಗಲೂ ಹೀಗೆಯೇ. ಸ್ನಾಯುವಿನ ಸುತ್ತ ಇರುವ ಲ್ಯಾಮಿನಿನ್ ಇಲ್ಲದಿದ್ದರೆ ಮಗು ಹುಟ್ಟುವಾಗಲೇ ಕೈಕಾಲು ಜೋಲುಬಿದ್ದಿರುತ್ತದೆ. ಚರ್ಮದಡಿಯ ಲ್ಯಾಮಿನಿನ್ ಕೆಟ್ಟಿದ್ದರೆ ಮುಟ್ಟಿದ ಕಡೆ ಬೊಬ್ಬೆ ಏಳುತ್ತದೆ. ಮೂತ್ರಪಿಂಡದ ಸೋಸುವ ಪೊರೆಯಲ್ಲಿರುವ ನಾಲ್ಕನೆಯ ಬಗೆಯ ಕೊಲಾಜೆನ್ ಕೆಟ್ಟರೆ ಚಿಕ್ಕಂದಿನಲ್ಲೇ ಮೂತ್ರದಲ್ಲಿ ರಕ್ತ ಹೋಗಿ, ಮುಂದೆ ಮೂತ್ರಪಿಂಡ ಸೋಲಬಹುದು, ಕಿವಿಯೂ ಮಂದವಾಗಬಹುದು.

ತಾಯಿಯ ತಪ್ಪಲ್ಲ

ಇಂಥ ಮಗು ಹುಟ್ಟಿದಾಗ ಮನೆಯಲ್ಲಿ ಮೊದಲು ಬೆರಳು ತೋರಿಸುವುದು ತಾಯಿಯ ಕಡೆಗೆ. ಗ್ರಹಣದ ಹೊತ್ತು ಹೊರಗೆ ಬಂದಳು, ಬಸುರಿಯಲ್ಲಿ ಭಾರ ಹೊತ್ತಳು, ತಿನ್ನಬಾರದ್ದನ್ನು ತಿಂದಳು ಎಂದೆಲ್ಲ ಮಾತು ಬರುತ್ತದೆ. ಮಗುವಿಗೆ ಹೊಡೆದಿದ್ದಾರೆಂದು ಅನುಮಾನಪಡುವುದೂ ಉಂಟು. ಇವು ಯಾವುವೂ ಕೊಲಾಜೆನ್‌ನ ಮಣಿಯನ್ನು ಬದಲಾಯಿಸಲಾರವು. ಆ ತಪ್ಪು ಜೀನ್‌ನ ಬರವಣಿಗೆಯಲ್ಲಿ ಆದದ್ದು. ಅದು ತಂದೆಯಿಂದಲೂ ಬಂದಿರಬಹುದು, ತಾಯಿಯಿಂದಲೂ ಬಂದಿರಬಹುದು. ಎಲುಬು ಮುರಿಯುವ ಕಾಯಿಲೆಯಲ್ಲಿ ಅನೇಕ ಸಲ ಇಬ್ಬರಲ್ಲೂ ಇಲ್ಲದೆ ಮಗುವಿನಲ್ಲಿ ಹೊಸದಾಗಿ ಆಗಿರುತ್ತದೆ.

ಲ್ಯಾಮಿನಿನ್ ಕೆಡುವ ಕಾಯಿಲೆಗಳ ಲೆಕ್ಕ ಬೇರೆ. ಅಲ್ಲಿ ತಂದೆ ತಾಯಿ ಇಬ್ಬರಲ್ಲೂ ತಲಾ ಒಂದು ಕೆಟ್ಟ ಜೀನ್ ಅಡಗಿದ್ದು, ಇಬ್ಬರೂ ಆರೋಗ್ಯವಾಗಿರುತ್ತಾರೆ. ಅಂಥವರಿಗೆ ಪ್ರತಿ ಬಸುರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ಪದ್ಧತಿ ದಕ್ಷಿಣದ ಹಲವು ಸಮುದಾಯಗಳಲ್ಲಿದೆ. ಒಂದೇ ವಂಶದವರಲ್ಲಿ ಒಂದೇ ಕೆಟ್ಟ ಜೀನ್ ಇರುವ ಸಂಭವ ಹೆಚ್ಚು. ಮನೆತನದಲ್ಲಿ ಇಂಥ ಮಗು ಹುಟ್ಟಿದ್ದರೆ, ಸಂಬಂಧದೊಳಗೆ ಮದುವೆ ಮಾತು ಆಡುವ ಮುನ್ನ ವಂಶವಾಹಿ ತಜ್ಞರ ಸಲಹೆ ಪಡೆಯುವುದು ಒಳಿತು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಗಡಿಯ ಊರಿನವರು ನೆನಪಿಡಬೇಕಾದ ಇನ್ನೊಂದು ಮಾತಿದೆ. ಒಂದು ಸಲ ಈ ರಾಜ್ಯದ ಆಸ್ಪತ್ರೆ, ಇನ್ನೊಂದು ಸಲ ಆ ರಾಜ್ಯದ ಆಸ್ಪತ್ರೆ, ಮತ್ತೊಂದು ಸಲ ಎಲುಬು ಕಟ್ಟುವ ನಾಟಿ ವೈದ್ಯರು, ಹೀಗೆ ತಿರುಗಿದರೆ ಮಗುವಿನ ಎಲುಬು ಪದೇ ಪದೇ ಮುರಿಯುತ್ತಿದೆ ಎಂಬುದು ಯಾವ ವೈದ್ಯರ ಕಣ್ಣಿಗೂ ಒಟ್ಟಿಗೆ ಬೀಳುವುದಿಲ್ಲ. ಪ್ರತಿ ಎಕ್ಸ್‌ರೇ, ಪ್ರತಿ ಚೀಟಿ ಯಾವ ಭಾಷೆಯಲ್ಲಿದ್ದರೂ ಒಂದು ಚೀಲದಲ್ಲಿ ಕೂಡಿಟ್ಟು, ಹೋದ ಕಡೆಯಲ್ಲೆಲ್ಲ ತೋರಿಸಬೇಕು. 2013ರಲ್ಲಿ ಆರಂಭವಾದ ಕೇಂದ್ರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ನಡೆಯುತ್ತದೆ. ಅಂಗನವಾಡಿಗೂ ಶಾಲೆಗೂ ಬರುವ ಆ ತಂಡದ ವೈದ್ಯರಿಗೆ ಮಗುವನ್ನು ತೋರಿಸಿ, ದೊಡ್ಡ ಆಸ್ಪತ್ರೆಗೆ ಚೀಟಿ ಕೇಳಬಹುದು.

ಎಲುಬು ಮುರಿಯುವ ಕಾಯಿಲೆಗೆ ಪೂರ್ತಿ ಗುಣವಾಗುವ ಮದ್ದು ಇಲ್ಲವಾದರೂ, ಎಲುಬನ್ನು ಗಟ್ಟಿ ಮಾಡುವ ಬಿಸ್‌ಫಾಸ್ಫೊನೇಟ್ ಔಷಧಿ, ಉದ್ದ ಎಲುಬಿನೊಳಗೆ ಸರಳು ಕೂರಿಸುವ ಶಸ್ತ್ರಚಿಕಿತ್ಸೆ, ವ್ಯಾಯಾಮ ಇವೆ. ಬೇಗ ಗುರುತಿಸಿದಷ್ಟೂ ಅನುಕೂಲ. ಅಂಗಡಿಯಲ್ಲಿ ಸಿಗುವ ಕೊಲಾಜೆನ್ ಪುಡಿಯಿಂದ ಈ ಕಾಯಿಲೆ ವಾಸಿಯಾಗದು. ಅದು ಹೊಟ್ಟೆಯಲ್ಲಿ ಕರಗಿ ಬಿಡಿ ಮಣಿಗಳೂ ಚೂರುಗಳೂ ಆಗುತ್ತದೆ. ಮತ್ತೆ ಹಗ್ಗ ಹೊಸೆಯುವುದು ಮಗುವಿನ ಅದೇ ತಪ್ಪು ಬರವಣಿಗೆಯ ಪ್ರಕಾರವೇ.

ಕೋಶಗಳ ನಡುವಿನ ಈ ಹಂದರ ಮಗು ಗರ್ಭದಲ್ಲಿರುವಾಗಲೇ ಕಟ್ಟಿಕೊಳ್ಳುತ್ತದೆ, ತಾಯಿಗೂ ಗೊತ್ತಾಗದಂತೆ. ಅದರಲ್ಲಿ ಎಲ್ಲೋ ಒಂದು ಮಣಿ ತಪ್ಪಿದರೆ ಅದಕ್ಕೆ ಹೊಣೆ ಯಾರೂ ಅಲ್ಲ. ಮಗುವನ್ನು ಸಕಾಲದಲ್ಲಿ ವೈದ್ಯರ ಬಳಿಗೆ ಕರೆದೊಯ್ಯುವ ಹೊಣೆ ಮಾತ್ರ ಮನೆಯ ಎಲ್ಲರದು.